ನಿಲ್ಲದೆ ಕುಣಿಯುವ ಚಿತ್ರಗಳು

ಚಿತ್ರವೊಂದು ಚಲಿಸಬೇಕಾದರೆ ಸಿನಿಮಾವೇ ಬೇಕೆಂದೇನೂ ಇಲ್ಲ. ನಮ್ಮ ಕರಾವಳಿಯ ಕಡೆ ರಥೋತ್ಸವದ ರಾತ್ರಿ ದೇವಸ್ಥಾನದ ಎದುರಿಗೆ ಬಿದಿರಿನ ಚೌಕಟ್ಟು ಕಟ್ಟಿ ಬಣ್ಣದ ಬಲ್ಬುಗಳ ನವಿಲೊಂದನ್ನು ನಿಲ್ಲಿಸುತ್ತಿದ್ದರು. ನವಿಲು ಗರಿ ಬಿಚ್ಚುತ್ತಿತ್ತು, ಮುಚ್ಚುತ್ತಿತ್ತು, ಮತ್ತೆ ಬಿಚ್ಚುತ್ತಿತ್ತು. ಹಿಂದೆ ಹೋಗಿ ನೋಡಿದವರಿಗೆ ಗುಟ್ಟು ತಿಳಿಯುತ್ತಿತ್ತು. ಒಂದು ಸಣ್ಣ ಮೋಟಾರು, ಅದು ತಿರುಗಿಸುವ ಮರದ ಉರುಳೆ, ಉರುಳೆಯ ಮೈಗೆ ಬಡಿದ ತಾಮ್ರದ ಪಟ್ಟಿಗಳು. ಉರುಳೆ ತಿರುಗಿದ ಹಾಗೆ ಪಟ್ಟಿಗಳು ಒಂದೊಂದು ಸಾಲಿನ ಬಲ್ಬುಗಳಿಗೆ ಸರದಿಯ ಮೇಲೆ ವಿದ್ಯುತ್ತು ಮುಟ್ಟಿಸುತ್ತಿದ್ದವು. ಅಲ್ಲಿ ನಿಜಕ್ಕೂ ಇದ್ದದ್ದು ಮೂರು ನವಿಲುಗಳು: ಗರಿ ಮುಚ್ಚಿದ್ದು, ಅರ್ಧ ಬಿಚ್ಚಿದ್ದು, ಪೂರ್ತಿ ಬಿಚ್ಚಿದ್ದು. ಯಾವುದೂ ಅಲುಗುತ್ತಿರಲಿಲ್ಲ. ಉರುಳೆ ದುಂಡಗಿದ್ದುದರಿಂದ ಆಟಕ್ಕೆ ಕೊನೆಯೂ ಇರಲಿಲ್ಲ. ಬೆಳಿಗ್ಗೆ ಯಾರೋ ಬಂದು ಸ್ವಿಚ್ಚು ಆರಿಸುವವರೆಗೆ ನವಿಲಿಗೆ ಬಿಡುವಿಲ್ಲ.

ನಾನು ಹೇಳಹೊರಟಿರುವುದು ಇದೇ ಜಾತಿಯ ಇನ್ನೊಂದು ವಸ್ತುವಿನ ಕತೆ. ಅಂತರ್ಜಾಲದಲ್ಲಿ ಎರಡು ಮೂರು ಕ್ಷಣ ಕುಣಿದು, ಮತ್ತೆ ಮೊದಲಿನಿಂದ ಕುಣಿಯುವ ಪುಟ್ಟ ಚಿತ್ರಗಳನ್ನು ನೀವೆಲ್ಲ ನೋಡಿದ್ದೀರಿ. ಅವುಗಳಿಗೆ ಇಂಗ್ಲಿಷಿನಲ್ಲಿ ಮೂರಕ್ಷರದ ಹೆಸರು. ಅದನ್ನು ಗಿಫ್ ಎನ್ನಬೇಕೋ ಜಿಫ್ ಎನ್ನಬೇಕೋ ಎಂಬ ಜಗಳ ಇನ್ನೂ ಮುಗಿದಿಲ್ಲ. ಇಂಗ್ಲಿಷಿನವರಿಗೆ ಒಂದು ಅನುಕೂಲವಿದೆ, ಮೂರಕ್ಷರ ಬರೆದು ಸುಮ್ಮನಾಗಬಹುದು. ಓದುವವನು ಹೇಗಾದರೂ ಓದಿಕೊಳ್ಳಲಿ. ಕನ್ನಡದಲ್ಲಿ ಬರೆಯುವವನಿಗೆ ಆ ತಪ್ಪಿಸಿಕೊಳ್ಳುವ ದಾರಿ ಇಲ್ಲ. ಬರೆದದ್ದನ್ನೇ ಓದುವ ಲಿಪಿ ನಮ್ಮದು, ಒಂದು ಪಕ್ಷ ಹಿಡಿಯಲೇಬೇಕು. ಇದನ್ನು ರೂಪಿಸಿದ ಸ್ಟೀವ್ ವಿಲ್ಹೈಟ್ ಕೊನೆಯವರೆಗೂ ಜಿಫ್ ಎಂದೇ ಸಾಧಿಸಿದರು. 2013ರಲ್ಲಿ ಅವರಿಗೆ ಜೀವಮಾನದ ಸಾಧನೆಗಾಗಿ ವೆಬಿ ಪ್ರಶಸ್ತಿ ಕೊಟ್ಟಾಗ ಅವರು ವೇದಿಕೆಯಲ್ಲಿ ಬಾಯಿ ಬಿಡಲಿಲ್ಲ. ಉಚ್ಚಾರಣೆ ಹೀಗೆಯೇ ಎಂದು ಐದು ಪದಗಳಲ್ಲಿ ಸಾರುವ ಒಂದು ಚಲಿಸುವ ಚಿತ್ರವನ್ನು ಪರದೆಯ ಮೇಲೆ ಓಡಿಸಿದರು. ಮಗುವಿಗೆ ಹೆಸರಿಟ್ಟವನ ಮಾತಿಗೆ ಬೆಲೆ ಕೊಟ್ಟು ನಾನು ಜಿಫ್ ಎಂದೇ ಬರೆಯುತ್ತೇನೆ.

ಸುತ್ತಿ ಸುತ್ತಿ ಬರುವ ಚಿತ್ರ ಸಿನಿಮಾಕ್ಕಿಂತ ಹಳೆಯದು. 1832ರಲ್ಲಿ ಬೆಲ್ಜಿಯಮ್ಮಿನ ಜೋಸೆಫ್ ಪ್ಲಾಟೋ ಎಂಬ ವಿಜ್ಞಾನಿ ರಟ್ಟಿನ ಚಕ್ರವೊಂದನ್ನು ಮಾಡಿದ. ಚಕ್ರದ ಸುತ್ತ ಒಂದೇ ನರ್ತಕನ ಬೇರೆ ಬೇರೆ ಭಂಗಿಗಳು, ನಡುನಡುವೆ ಸಣ್ಣ ಸೀಳುಗಳು. ಅದನ್ನು ಕನ್ನಡಿಯ ಎದುರು ಹಿಡಿದು ತಿರುಗಿಸಿ ಸೀಳಿನ ಮೂಲಕ ನೋಡಿದರೆ ಕನ್ನಡಿಯೊಳಗಿನ ನರ್ತಕ ಕುಣಿಯುತ್ತಾನೆ. ಆಸ್ಟ್ರಿಯದ ಸ್ಟಾಂಪ್‌ಫರ್ ಎಂಬಾತ ಅದೇ ಹೊತ್ತಿಗೆ ಇಂಥದೇ ಚಕ್ರವನ್ನು ಸ್ವತಂತ್ರವಾಗಿ ಮಾಡಿದ್ದ. ಚಕ್ರಕ್ಕೆ ತುದಿಮೊದಲಿಲ್ಲವಾದ್ದರಿಂದ ಕುಣಿತಕ್ಕೂ ಇಲ್ಲ. ಮುಂದೆ ಸಿನಿಮಾ ಬಂದು ಚಕ್ರವನ್ನು ಉದ್ದದ ರೀಲಾಗಿ ಬಿಚ್ಚಿದ ಮೇಲೆಯೇ ಚಲಿಸುವ ಚಿತ್ರಕ್ಕೆ ಕತೆ ಬಂತು, ಆರಂಭ ಬಂತು, ಶುಭಂ ಬಂತು. ಪ್ಲಾಟೋ ಮುಂದಿನ ವರ್ಷಗಳಲ್ಲಿ ಕಣ್ಣು ಕಳೆದುಕೊಂಡ. ಕಣ್ಣು ಹೇಗೆ ಮೋಸಹೋಗುತ್ತದೆ ಎಂದು ಜಗತ್ತಿಗೆ ತೋರಿಸಿದವನು ಬದುಕಿನ ಉತ್ತರಾರ್ಧವನ್ನು ಕುರುಡನಾಗಿ ಕಳೆದ.

ಇನ್ನು ಜಿಫ್‌ನ ಹುಟ್ಟು. 1987ರಲ್ಲಿ ಈಗಿನ ಅಂತರ್ಜಾಲ ಇರಲಿಲ್ಲ. ಅಮೆರಿಕದ ಒಹಾಯೊ ರಾಜ್ಯದ ಕಂಪ್ಯುಸರ್ವ್ ಎಂಬ ಕಂಪನಿ ಚಂದಾದಾರರಿಗೆ ಟೆಲಿಫೋನಿನ ಮೂಲಕ ಸುದ್ದಿ, ಹವಾಮಾನ, ಹರಟೆ ಒದಗಿಸುತ್ತಿತ್ತು. ಚಂದಾದಾರರ ಮನೆಯಲ್ಲಿದ್ದ ಯಂತ್ರಗಳು ಒಂದೊಂದು ಜಾತಿಯವು: ಆಪಲ್, ಕೊಮೊಡೋರ್, ಅಟಾರಿ, ಐಬಿಎಂ. ಒಬ್ಬನ ಯಂತ್ರದಲ್ಲಿ ಕಾಣುವ ಬಣ್ಣದ ಚಿತ್ರ ಇನ್ನೊಬ್ಬನದರಲ್ಲಿ ಕಾಣದು. ಎಲ್ಲ ಯಂತ್ರಗಳೂ ಬಿಡಿಸಿಕೊಳ್ಳಬಲ್ಲ, ಆಗಿನ ಆಮೆನಡಿಗೆಯ ಮೋಡೆಮ್ಮಿನಲ್ಲೂ ಸಾಗಬಲ್ಲ ಒಂದು ಚಿತ್ರದ ಕಟ್ಟು ಬೇಕಾಗಿತ್ತು. ವಿಲ್ಹೈಟ್ ಮತ್ತು ಅವರ ತಂಡ ಆ ವರ್ಷದ ಜೂನ್ 15ರಂದು ಅದನ್ನು ಹೊರತಂದಿತು. ಮೊದಲ ಚಿತ್ರ ಒಂದು ವಿಮಾನದ್ದೆಂದು ವಿಲ್ಹೈಟ್ ನೆನಪಿಸಿಕೊಂಡಿದ್ದಾರೆ. ವಿಮಾನ ಹಾರಲಿಲ್ಲ, ಅದು ಬರೀ ಚಿತ್ರ.

ಜಿಫ್‌ನ ಜಿಪುಣತನವೇ ಅದರ ಗುಣ. ಒಂದು ಚಿತ್ರದಲ್ಲಿ ಹೆಚ್ಚೆಂದರೆ 256 ಬಣ್ಣ. ಒಂದು ಕೋಟಿ ಅರವತ್ತೇಳು ಲಕ್ಷಕ್ಕೂ ಹೆಚ್ಚು ಬಣ್ಣಗಳ ಅಂಗಡಿಯಿಂದ ನಿಮಗೆ ಬೇಕಾದ 256ನ್ನು ಆರಿಸಿ ಡಬ್ಬಿಗೆ ತುಂಬಿಕೊಳ್ಳಬಹುದು. ಆಮೇಲೆ ಪ್ರತಿ ಚುಕ್ಕಿಗೂ ಡಬ್ಬಿಯ ಇಂತಿಷ್ಟನೆಯ ಬಣ್ಣ ಎಂದು ಸಂಖ್ಯೆ ಬರೆದರೆ ಸಾಕು. ಆ ಸಂಖ್ಯೆಗಳನ್ನೂ ಇದ್ದಂತೆ ಕಳಿಸುವುದಿಲ್ಲ, ಅಡಕಮಾಡಿ ಕಳಿಸುತ್ತದೆ. ಅಡಕಮಾಡುವ ರೀತಿ ನಮ್ಮ ಭಜನೆ ಪುಸ್ತಕಗಳದ್ದೇ. ಪಲ್ಲವಿಯನ್ನು ಒಮ್ಮೆ ಪೂರ್ತಿ ಅಚ್ಚುಹಾಕಿ, ಮುಂದೆ ಪ್ರತಿ ಚರಣದ ಕೊನೆಗೆ 'ಪ' ಎಂದಷ್ಟೇ ಹಾಕುತ್ತಾರಲ್ಲ, ಹಾಗೆ. ಒಮ್ಮೆ ಬಂದ ಚುಕ್ಕಿಗಳ ಸಾಲು ಮತ್ತೆ ಬಂದರೆ ಅದಕ್ಕೊಂದು ಗುರುತು. ಇದರ ಜಾಣತನವೆಂದರೆ ಗುರುತುಗಳ ಪಟ್ಟಿಯನ್ನು ಬೇರೆಯಾಗಿ ಕಳಿಸಬೇಕಾಗಿಲ್ಲ, ಬಿಡಿಸುವವನು ಬಿಡಿಸುತ್ತ ಬಿಡಿಸುತ್ತ ಅದೇ ಪಟ್ಟಿಯನ್ನು ತಾನೇ ಕಟ್ಟಿಕೊಳ್ಳುತ್ತಾನೆ. ಲೆಂಪೆಲ್, ಝಿವ್ ಎಂಬ ಇಬ್ಬರು ಇಸ್ರೇಲಿ ಪಂಡಿತರು 1978ರಲ್ಲಿ ಹೇಳಿದ್ದನ್ನು ಅಮೆರಿಕದ ಟೆರ್ರಿ ವೆಲ್ಚ್ ತಿದ್ದಿ 1984ರಲ್ಲಿ ಪ್ರಕಟಿಸಿದ್ದರು. ಕಂಪ್ಯುಸರ್ವಿನವರು ಅದನ್ನು ಓದಿ ಬಳಸಿಕೊಂಡರು. ಈ ಸಂಗತಿ ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಒಂದೇ ಕಡತದಲ್ಲಿ ಹಲವು ಚಿತ್ರಗಳನ್ನು ತುಂಬುವ ಅವಕಾಶ ಮೊದಲಿನಿಂದಲೂ ಇತ್ತು. 1989ರ ಪರಿಷ್ಕರಣದಲ್ಲಿ ಒಂದು ಚಿತ್ರಕ್ಕೂ ಮುಂದಿನದಕ್ಕೂ ನಡುವೆ ಎಷ್ಟು ಹೊತ್ತು ಕಾಯಬೇಕೆಂದು ಕ್ಷಣದ ನೂರನೆಯ ಭಾಗದ ಲೆಕ್ಕದಲ್ಲಿ ಹೇಳುವ ಏರ್ಪಾಡು ಬಂತು, ಚಿತ್ರದ ಹಿನ್ನೆಲೆಯನ್ನು ಪಾರದರ್ಶಕ ಮಾಡುವುದೂ ಬಂತು. ತಮಾಷೆಯೆಂದರೆ ಅದೇ ದಾಖಲೆಯಲ್ಲಿ, ಇದು ಚಲಿಸುವ ಚಿತ್ರಗಳಿಗಾಗಿ ಮಾಡಿದ್ದಲ್ಲ, ಅಷ್ಟಿಷ್ಟು ಮಾಡಬಹುದು ಅಷ್ಟೆ ಎಂಬರ್ಥದ ಎಚ್ಚರಿಕೆಯನ್ನೂ ಕೊಟ್ಟಿದ್ದರು. ಆರು ವರ್ಷ ಆ ಅಷ್ಟಿಷ್ಟನ್ನು ಹೆಚ್ಚಿನವರು ಕಣ್ಣೆತ್ತಿಯೂ ನೋಡಲಿಲ್ಲ.

ನೋಡಿದವರು ನೆಟ್‌ಸ್ಕೇಪಿನವರು. 1996ರಲ್ಲಿ ಬಂದ ಅವರ ಬ್ರೌಸರಿನ ಎರಡನೆಯ ಆವೃತ್ತಿ ಜಿಫ್‌ನೊಳಗಿನ ಚಿತ್ರಗಳನ್ನು ಒಂದಾದ ಮೇಲೊಂದು ತೋರಿಸಿತು. ಜೊತೆಗೆ ಅವರು ತಮ್ಮದೇ ಒಂದು ಸಣ್ಣ ಗಂಟನ್ನು ಸೇರಿಸಿದರು. ಒಟ್ಟು 19 ಬೈಟು. ಅದರಲ್ಲಿ 11 ಬೈಟು ಅವರದೇ ಹೆಸರು, ನೆಟ್‌ಸ್ಕೇಪ್2.0 ಎಂದು, ಕೊನೆಗೆ ಎಷ್ಟು ಸುತ್ತು ಎಂಬ ಸಂಖ್ಯೆ. ಸೊನ್ನೆ ಎಂದು ಬರೆದರೆ ಎಣಿಸಬೇಡ, ತಿರುಗುತ್ತಲೇ ಇರು ಎಂದರ್ಥ. ಪ್ಲಾಟೋನ ರಟ್ಟಿನ ಚಕ್ರ ನೂರಾ ಅರವತ್ತು ಚಿಲ್ಲರೆ ವರ್ಷಗಳ ನಂತರ ಈ ಸೊನ್ನೆಯಾಗಿ ಮರಳಿ ಬಂತು. ನೆಟ್‌ಸ್ಕೇಪ್ ಮುಂದೆ ಪೈಪೋಟಿಯಲ್ಲಿ ಸೋತಿತು, ಎಒಎಲ್ ಕಂಪನಿಗೆ ಮಾರಾಟವಾಯಿತು, 2008ರ ಮಾರ್ಚ್ 1ಕ್ಕೆ ಅದರ ಕತೆ ಮುಗಿಯಿತು. ಆದರೆ ಇವತ್ತು ಹೊಸದಾಗಿ ಮಾಡಿದ ಜಿಫ್ ಕೂಡ ನಿಲ್ಲದೆ ಸುತ್ತಬೇಕಾದರೆ ಸಾಮಾನ್ಯವಾಗಿ ಅದೇ 11 ಬೈಟಿನ ಹೆಸರನ್ನು ಹೊಟ್ಟೆಯೊಳಗೆ ಹೊತ್ತಿರುತ್ತದೆ. ನಮ್ಮ ದೇವಸ್ಥಾನಗಳ ಟ್ಯೂಬ್‌ಲೈಟುಗಳ ಮೇಲೆ ದಾನಿಗಳ ಹೆಸರು ಬರೆದಿರುತ್ತಾರೆ, ದಾನಿ ತೀರಿಕೊಂಡರೂ ಹೆಸರು ಉರಿಯುತ್ತಲೇ ಇರುತ್ತದೆ. ಇದೂ ಹಾಗೆಯೇ.

ಈ ಚಿತ್ರಗಳ ಪರಿಚಯ ನನಗಾದದ್ದು 1998ರಲ್ಲಿ. ಆಗ ನಾನು ಕುಂದಾಪುರದ ಕಡೆ ಒಂದು ಮುದ್ರಣಾಲಯದಲ್ಲಿ ಕಂಪ್ಯೂಟರ್ ಅಕ್ಷರಜೋಡಣೆಯ ಕೆಲಸದಲ್ಲಿದ್ದೆ. ಲಗ್ನಪತ್ರಿಕೆ, ಯಕ್ಷಗಾನದ ಕರಪತ್ರ, ಹೋಟೆಲಿನ ಬಿಲ್ಲುಪುಸ್ತಕ, ಇಂಥವು. ಅಮೆರಿಕದಲ್ಲಿದ್ದ ಊರಿನವರೊಬ್ಬರಿಗೆ ಊರ ದೇವಸ್ಥಾನದ ಉತ್ಸವದ ವಿವರ ಅಂತರ್ಜಾಲದಲ್ಲಿ ಬರಬೇಕು, ಅದೂ ಕನ್ನಡದಲ್ಲಿ ಬರಬೇಕು ಎಂಬ ಆಸೆ. ಮುದ್ರಣಾಲಯದ ಯಜಮಾನರಾದ ರಾಯರು ಒಪ್ಪಿಕೊಂಡು ಬಂದರು. ಒಪ್ಪಿಕೊಂಡ ಮೇಲೆ ನನ್ನನ್ನು ಕೇಳಿದರು.

ಆಗ ಕನ್ನಡದ ಅವಸ್ಥೆ ಹೇಗಿತ್ತೆಂದು ಈಗಿನ ಹುಡುಗರಿಗೆ ತಿಳಿಸುವುದು ಕಷ್ಟ. ಯುನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು, ನಿಜ. ಆದರೆ ಜನರ ಮೇಜಿನ ಮೇಲಿದ್ದ ವಿಂಡೋಸಿಗೆ ಅದು ಗೊತ್ತಿರಲಿಲ್ಲ. ಅದು ಬಂದದ್ದು 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ. ಶೇಷಾದ್ರಿವಾಸು ಅವರ ಬರಹ ತಂತ್ರಾಂಶ ಅದೇ 1998ರಲ್ಲಿ ಹೊರಬಂದಿತ್ತು, ಅದರಿಂದ ಬಹಳ ಜನರಿಗೆ ಉಪಕಾರವಾಯಿತು. ಆದರೂ ನಾವು ಬರೆದ ಫಾಂಟು ಓದುವವನ ಯಂತ್ರದಲ್ಲಿ ಇರದಿದ್ದರೆ ಅವನಿಗೆ ಕಾಣುತ್ತಿದ್ದದ್ದು ಇಂಗ್ಲಿಷಿನ ಕಸ. ಹಾಗಾಗಿ ಉಳಿದದ್ದು ಒಂದೇ ಉಪಾಯ. ಕನ್ನಡವನ್ನು ಅಕ್ಷರವಾಗಿ ಕಳಿಸದೆ ಚಿತ್ರವಾಗಿ ಕಳಿಸುವುದು. ಎರಡೇ ಬಣ್ಣದ ಜಿಫ್: ಕಪ್ಪು, ಬಿಳಿ. ಯಾವ ಯಂತ್ರವಾದರೂ ತೋರಿಸಲೇಬೇಕು. ಒಂದು ಪುಟದಷ್ಟು ಮಾತು ಹತ್ತು ಹನ್ನೆರಡು ಕೆ.ಬಿ.ಯಲ್ಲಿ ಹಿಡಿಯುತ್ತಿತ್ತು. ಅಕ್ಷರ ಸಣ್ಣದಾದರೆ ಒತ್ತುಗಳು ಕಟ್ಟಿಕೊಂಡು 'ಸ್ವಾಗತ' ಎಂಬುದು ಇರುವೆ ಸತ್ತು ಬಿದ್ದಂತೆ ಕಾಣುತ್ತಿತ್ತು. ಚುಕ್ಕಿ ರಂಗೋಲಿ ಹಾಕಿದ ಹಾಗೆ ಒಂದೊಂದು ಚುಕ್ಕಿಯನ್ನು ಕೈಯಿಂದ ಎತ್ತಿ, ಇಟ್ಟು ಒತ್ತುಗಳನ್ನು ಬಿಡಿಸುತ್ತಿದ್ದೆ. ಸರ್ಕಾರವಾಗಲಿ ದೊಡ್ಡ ಕಂಪನಿಗಳಾಗಲಿ ಕೊಡದ ಅಕ್ಷರವನ್ನು ಕೊಟ್ಟದ್ದು ಚಿತ್ರಗಳಿಗೆಂದು ಮಾಡಿದ ಈ ಕಟ್ಟು ಎಂಬುದನ್ನು ನಾನಂತೂ ಮರೆಯಲಾರೆ.

ಪುಟ ಸಿದ್ಧವಾದ ಮೇಲೆ ರಾಯರಿಗೆ ಅಷ್ಟರಲ್ಲಿ ತೃಪ್ತಿಯಾಗಲಿಲ್ಲ. "ಬೇರೆಯವರ ಪುಟದಲ್ಲೆಲ್ಲ ಏನೋ ಒಂದು ಕುಣೀತದೆ ಮಾರಾಯ. ನಮ್ಮದು ಗೋಡೆಗೆ ಅಂಟಿಸಿದ ನೋಟೀಸಿನ ಹಾಗೆ ಉಂಟು" ಎಂದರು. ಏನು ಕುಣಿಸುವುದು? ದೇವಸ್ಥಾನದ ಪುಟದಲ್ಲಿ ಮಂಗ ಕುಣಿಸುವ ಹಾಗಿಲ್ಲ. ಕೊನೆಗೆ ನಂದಾದೀಪವೊಂದು ಉರಿಯಲಿ ಎಂದಾಯಿತು.

ಮಾಡುವ ತಂತ್ರಾಂಶಗಳು ಆಗ ಸಿಗುತ್ತಿದ್ದವು. ಮ್ಯಾಕಿನವರಿಗೆ ಈವ್ ಪಿಗೆ ಬರೆದ ಜಿಫ್‌ಬಿಲ್ಡರ್, ವಿಂಡೋಸಿನವರಿಗೆ ಕೆನಡಾದ ಆಲ್ಕೆಮಿ ಮೈಂಡ್‌ವರ್ಕ್ಸ್‌ನ ಜಿಫ್ ಕನ್‌ಸ್ಟ್ರಕ್ಷನ್ ಸೆಟ್. ಕೆಲಸ ಹೀಗೆ: ಮೊದಲು ಪೂರ್ತಿ ದೀಪ, ಎಣ್ಣೆ ಬತ್ತಿ ಜ್ವಾಲೆ ಎಲ್ಲ ಸೇರಿ. ಎರಡನೆಯ ಚಿತ್ರದಲ್ಲಿ ದೀಪ ಬೇಕಾಗಿಲ್ಲ, ಜ್ವಾಲೆಯಿರುವ ಬೆರಳಗಲದ ಚೌಕ ಸಾಕು. ಉಳಿದದ್ದು ಮೊದಲಿನದೇ ಕೆಳಗೆ ಇರುತ್ತದಲ್ಲ. ಹೀಗೆ ಉಳಿಸಿದರೆ ಇಡೀ ದೀಪ ನಾಲ್ಕು ಕೆ.ಬಿ.ಯಲ್ಲಿ ಮುಗಿಯುತ್ತದೆ. ಆಗಿನ 28.8ರ ಮೋಡೆಮ್ಮು ಲೈನು ಸರಿಯಿದ್ದರೆ ಕ್ಷಣಕ್ಕೆ ಮೂರು ಕೆ.ಬಿ. ಎಳೆಯುತ್ತಿತ್ತು. ಮೂವತ್ತು ಕೆ.ಬಿ.ಯ ದೀಪ ಮಾಡಿದರೆ ಹತ್ತು ಕ್ಷಣ ಕತ್ತಲೆ. ನಾಲ್ಕು ಬಿಡಿಚಿತ್ರಗಳಿಗೂ ಒಂದೇ ಅವಧಿ ಕೊಟ್ಟು ನೋಡಿದಾಗ ಅದು ಜ್ವಾಲೆಯ ಬದಲು ರೈಲ್ವೇ ಗೇಟಿನ ದೀಪದ ಹಾಗೆ ಮಿಣುಕಿತು. ಒಂದಕ್ಕೆ ಹನ್ನೆರಡು, ಒಂದಕ್ಕೆ ಎಂಟು, ಒಂದಕ್ಕೆ ಹದಿನೈದು, ಹೀಗೆ ನೂರಾಂಶಗಳನ್ನು ಏರುಪೇರು ಮಾಡಿದ ಮೇಲೆ ಗಾಳಿ ಬಂದಂತಾಯಿತು. ಇನ್ನೊಂದು ಕಷ್ಟ ಬೆಸುಗೆಯದು. ಕೊನೆಯ ಚಿತ್ರದಿಂದ ಮೊದಲನೆಯದಕ್ಕೆ ಜಿಗಿಯುವಾಗ ಕಣ್ಣಿಗೆ ಎಡವಿದಂತಾಗಬಾರದು. ಜ್ವಾಲೆಯನ್ನು ಎಡಕ್ಕೆ ಬಾಗಿಸಿದ ದಾರಿಯಲ್ಲೇ ಹಿಂದಕ್ಕೆ ತಂದರೆ ಬೆಸುಗೆ ಕಾಣುವುದಿಲ್ಲ. ಮೊದಲು ಹೀಗೆ, ಆಮೇಲೆ ಹೀಗೆ ಎಂದು ಕತೆ ಹೇಳಲು ಹೋದವನ ಬೆಸುಗೆ ಮಾತ್ರ ಮರೆಯಾಗುವುದಿಲ್ಲ. ಆ ಕಾಲದ ಒಳ್ಳೆಯ ಜಿಫ್‌ಗಳಲ್ಲಿ ದೀಪ, ನೀರು, ಧ್ವಜ, ತಿರುಗುವ ಭೂಮಿ ಇಂಥವೇ ಹೆಚ್ಚಾಗಿದ್ದದ್ದಕ್ಕೆ ಇದೇ ಕಾರಣವೆಂದು ನನ್ನ ಅಭಿಪ್ರಾಯ.

ದೀಪ ಉರಿಯಿತು. ಅಮೆರಿಕದಲ್ಲಿದ್ದವರು ಫೋನು ಮಾಡಿದರು. ಅವರ ತಾಯಿ ಕಂಪ್ಯೂಟರಿನ ಎದುರು ನಿಂತು ಕೈಮುಗಿದರಂತೆ.

ಅತ್ತ ಅಮೆರಿಕದಲ್ಲಿ ಬೇರೆ ಬೆಂಕಿ ಹತ್ತಿಕೊಂಡಿತ್ತು. ಅಡಕಮಾಡುವ ಆ ಪಲ್ಲವಿಯ ಉಪಾಯ ಇತ್ತಲ್ಲ, ಅದಕ್ಕೆ ಪೇಟೆಂಟು ಇತ್ತು. ವೆಲ್ಚ್ ಕೆಲಸಮಾಡುತ್ತಿದ್ದ ಸ್ಪೆರ್ರಿ ಕಂಪನಿ 1983ರಲ್ಲೇ ಅರ್ಜಿ ಹಾಕಿ 1985ರಲ್ಲಿ ಹಕ್ಕು ಪಡೆದಿತ್ತು. 1986ರಲ್ಲಿ ಆ ಕಂಪನಿ ಬರೋಸ್ ಜೊತೆ ಸೇರಿ ಯುನಿಸಿಸ್ ಆಯಿತು. ಪತ್ರಿಕೆಯಲ್ಲಿ ಬಂದ ಲೇಖನವನ್ನು ಓದಿ ಬಳಸಿದ ಕಂಪ್ಯುಸರ್ವಿಗೆ ಇದರ ಅರಿವಿರಲಿಲ್ಲ. 1994ರ ಡಿಸೆಂಬರ್ ಕೊನೆಯ ವಾರ, ಕ್ರಿಸ್‌ಮಸ್ ಕಳೆದ ಬೆನ್ನಿಗೆ, ಜಿಫ್ ಬಳಸುವ ತಂತ್ರಾಂಶ ಮಾಡುವವರು ಪರವಾನಗಿ ಪಡೆಯಬೇಕೆಂಬ ಪ್ರಕಟಣೆ ಹೊರಬಿತ್ತು. ಏಳು ವರ್ಷ ಎಲ್ಲರೂ ನೀರು ಸೇದಿದ ಬಾವಿಯ ಕಟ್ಟೆಯ ಮೇಲೆ ಒಬ್ಬ ಬಂದು ಕುಳಿತು, ಹಗ್ಗ ನನ್ನದು ಎಂದ ಹಾಗೆ.

ಕಾನೂನಿನ ಪ್ರಕಾರ ಯುನಿಸಿಸ್ ಮಾಡಿದ್ದರಲ್ಲಿ ತಪ್ಪಿರಲಿಲ್ಲ, ಅದನ್ನೂ ಹೇಳಬೇಕು. ಹಕ್ಕು ಅವರದೇ. ಆದರೆ ಬಾವಿಯ ನೀರು ಸೇದುತ್ತಿದ್ದವರಲ್ಲಿ ಹೆಚ್ಚಿನವರು ಹಣ ಮಾಡುವವರಾಗಿರಲಿಲ್ಲ. ಕೋಪ ಒಂದೇ ವಾರದಲ್ಲಿ ಕೆಲಸವಾಗಿ ತಿರುಗಿತು. 1995ರ ಜನವರಿ 4ರಂದು ಥಾಮಸ್ ಬೌಟೆಲ್ ಹೊಸ ಚಿತ್ರಕಟ್ಟಿನ ಮೊದಲ ಕರಡನ್ನು ಎಲ್ಲರ ಮುಂದಿಟ್ಟ. ಅದೇ ಮುಂದೆ ಪಿಎನ್‌ಜಿ ಆಯಿತು, 1996ರ ಅಕ್ಟೋಬರಿನಲ್ಲಿ ಅದಕ್ಕೆ ಮಾನ್ಯತೆ ಸಿಕ್ಕಿತು. ಯಾರ ಪೇಟೆಂಟಿನ ಹಂಗೂ ಇಲ್ಲ, ಬಣ್ಣಕ್ಕೆ ಬರವಿಲ್ಲ, ಅಡಕವೂ ಹೆಚ್ಚು. ಎಲ್ಲದರಲ್ಲೂ ಜಿಫ್‌ಗಿಂತ ಮೇಲು. ಒಂದನ್ನು ಮಾತ್ರ ಅದರ ಕರ್ತೃಗಳು ಬೇಕೆಂದೇ ಬಿಟ್ಟರು: ಒಂದು ಕಡತಕ್ಕೆ ಒಂದೇ ಚಿತ್ರ, ಚಲನೆ ಬೇಡ. ಶಿಸ್ತಿನ ಜನ, ಅಚ್ಚುಕಟ್ಟಾಗಿ ಯೋಚಿಸಿದ್ದರು. ಅವರು ಕರಡು ಬರೆಯಲು ತೊಡಗಿದಾಗ ಜಿಫ್ ಕುಣಿಯುವುದು ಊರಿಗೆ ಗೊತ್ತಿರಲಿಲ್ಲ. ಮಾನ್ಯತೆ ಸಿಗುವ ಹೊತ್ತಿಗೆ ನೆಟ್‌ಸ್ಕೇಪಿನ 19 ಬೈಟು ಜಗತ್ತನ್ನೆಲ್ಲ ಕುಣಿಸುತ್ತಿತ್ತು. ಜಿಫ್‌ನ ಶತ್ರುಗಳು ಕಟ್ಟಿದ ಕೋಟೆಗೆ ಅದೊಂದೇ ಬಾಗಿಲು ತೆರೆದುಳಿಯಿತು, ಅದರಲ್ಲೇ ಜಿಫ್ ಪಾರಾಯಿತು. ಮುಂದೆ ಚಲಿಸುವ ಪಿಎನ್‌ಜಿಗಳನ್ನು ಮಾಡುವ ಯತ್ನಗಳು ಆದವು, ಆದರೆ ತಡವಾಗಿತ್ತು.

1999ರಲ್ಲಿ ಯುನಿಸಿಸ್ ಇನ್ನೂ ಬಿಗಿಯಿತು. ಪರವಾನಗಿಯಿಲ್ಲದ ತಂತ್ರಾಂಶದಿಂದ ಮಾಡಿದ ಜಿಫ್ ಇಟ್ಟುಕೊಂಡ ಜಾಲತಾಣದವರೂ 5000 ಡಾಲರು ಕೊಡಬೇಕಾದೀತು ಎಂಬ ಸುದ್ದಿ ಬಂತು. ಆಗಿನ ಲೆಕ್ಕದಲ್ಲಿ ಎರಡು ಲಕ್ಷ ರೂಪಾಯಿಗೂ ಮೇಲೆ. ರಾಯರು ಪೇಪರು ಮಡಚಿ, "ಅಂದ್ರೆ ದೇವರ ದೀಪಕ್ಕೂ ಬಾಡಿಗೆಯಾ?" ಎಂದರು. ಪೇಟೆಂಟು ಅಮೆರಿಕ, ಕೆನಡಾ, ಜಪಾನು, ಯುರೋಪಿನ ಕೆಲವು ದೇಶಗಳಲ್ಲಿ ಮಾತ್ರ ಇದೆ, ನಮಗೆ ತಟ್ಟುವುದಿಲ್ಲ ಎಂದೆ. ಆದರೆ ಪುಟ ಇದ್ದದ್ದು ಅಮೆರಿಕದ ಯಂತ್ರದಲ್ಲಿ. ಅವರಿಗೆ ಸಮಾಧಾನವಾಗಲಿಲ್ಲ, ನನಗೂ ಪೂರ್ತಿ ಆಗಲಿಲ್ಲ. ಆ ವರ್ಷದ ನವೆಂಬರ್ 5ನ್ನು ಜಿಫ್ ಸುಡುವ ದಿನವೆಂದು ಕೆಲವರು ಆಚರಿಸಿದರು. ಕಡತವನ್ನು ಸುಡುವುದು ಹೇಗೆ? ಅಳಿಸಿದರೆ ಮುಗಿಯಿತು, ಹೊಗೆಯೂ ಬರುವುದಿಲ್ಲ. ಅಳಿಸಿದವರಿಗಿಂತ ಹೊಸದು ಮಾಡಿದವರೇ ಹೆಚ್ಚು. ಅಮೆರಿಕದ ಪೇಟೆಂಟು 2003ರ ಜೂನ್ 20ಕ್ಕೆ ತೀರಿತು. ಉಳಿದ ದೇಶಗಳದ್ದು ಮರುವರ್ಷ.

ಆ ವರ್ಷಗಳ ಕುಣಿತಗಳಲ್ಲಿ ಹೆಸರಾದವು ಕೆಲವು ಮಾತ್ರ. 1996ರ ಕುಣಿಯುವ ಮಗು, 1998ರಲ್ಲಿ ಕೆನಡಾದ ಡೀಡ್ರಾ ಲಕಾರ್ಟ್ ಎಂಬ ಕಲಾವಿದ್ಯಾರ್ಥಿನಿ ಸಾಲುಸಾಲಾಗಿ ಕುಣಿಸಿದ ಹ್ಯಾಮ್‌ಸ್ಟರ್ ಇಲಿಗಳು. ಮಿಕ್ಕ ಲಕ್ಷಾಂತರ ಚಿತ್ರಗಳ ಕರ್ತೃ ಯಾರೆಂದು ಯಾರಿಗೂ ತಿಳಿಯದು. ಒಬ್ಬನ ಪುಟದಿಂದ ಇನ್ನೊಬ್ಬ ಎತ್ತಿಕೊಂಡ, ಅವನಿಂದ ಮತ್ತೊಬ್ಬ, ಜಾನಪದ ಹಾಡಿನಂತೆ. ವಿಮರ್ಶಕರು ಅದನ್ನು ಕಲೆಯೆನ್ನಲಿಲ್ಲ, ಸಂಗ್ರಹಾಲಯದವರು ತಿರುಗಿ ನೋಡಲಿಲ್ಲ.

ಹಾಗಾಗಿ ಕಳೆದುಹೋಗುವುದೂ ಸುಲಭವಾಯಿತು. ನಮ್ಮ ದೀಪದ ಪುಟವಿದ್ದದ್ದು ಉಚಿತವಾಗಿ ಜಾಗ ಕೊಡುತ್ತಿದ್ದ ಒಂದು ಕಂಪನಿಯ ಯಂತ್ರದಲ್ಲಿ. ಆ ಕಂಪನಿ ಒಂದು ದಿನ ಉಚಿತದ ಅಂಗಡಿ ಮುಚ್ಚಿತು. ಪ್ರತಿ ಇಟ್ಟಿದ್ದ ಫ್ಲಾಪಿಗಳಿಗೆ ಕರಾವಳಿಯ ಎರಡು ಮಳೆಗಾಲ ಸಾಕಾಯಿತು. ಬಿಚ್ಚಿ ನೋಡಿದರೆ ಒಳಗೆ ಬೂಷ್ಟು. ರಾಯರೂ ಈಗಿಲ್ಲ.

ಇಂದು ಫೋನಿನಲ್ಲಿ ಜಿಫ್ ಎಂಬ ಗುಂಡಿ ಒತ್ತಿ ಕಳಿಸುವ ಚಿತ್ರಗಳಲ್ಲಿ ಬಹುಪಾಲು ಜಿಫ್‌ಗಳೇ ಅಲ್ಲ, ಸದ್ದಿಲ್ಲದ ಕಿರು ವಿಡಿಯೋಗಳು. ಟ್ವಿಟರ್ 2014ರಿಂದಲೇ ಹಾಗೆ ಪರಿವರ್ತಿಸತೊಡಗಿತು. ಹುಡುಕಿಕೊಡುವ ವ್ಯಾಪಾರಕ್ಕೇ ಕಂಪನಿಗಳಿವೆ. 2013ರಲ್ಲಿ ಆರಂಭವಾದ ಗಿಫಿಯನ್ನು ಫೇಸ್‌ಬುಕ್ 2020ರಲ್ಲಿ ಕೊಂಡು, ಬ್ರಿಟನ್ನಿನ ಪೈಪೋಟಿ ನಿಯಂತ್ರಕರ ಆದೇಶದಿಂದ 2023ರಲ್ಲಿ 5.3 ಕೋಟಿ ಡಾಲರಿಗೆ ಮಾರಬೇಕಾಯಿತು. ಸಿನಿಮಾದ ತುಣುಕು ಕತ್ತರಿಸಿದ ಆ ಚಿತ್ರಗಳಲ್ಲಿ ಚುಕ್ಕಿ ಎಣಿಸಿದ ಕೈ ಇಲ್ಲ. ಇದು ಮುದುಕರ ಗೊಣಗಾಟವೆಂದರೆ ನನ್ನ ಅಭ್ಯಂತರವೇನಿಲ್ಲ. ವಿಲ್ಹೈಟ್ 2022ರ ಮಾರ್ಚ್ 14ರಂದು ತೀರಿಕೊಂಡರು.

ಹಳೆಯದನ್ನು ನೋಡಬೇಕೆನ್ನುವವರಿಗೆ ಒಂದು ಜಾಗವಿದೆ. 1994ರಲ್ಲಿ ಹುಟ್ಟಿದ ಜಿಯೋಸಿಟೀಸ್ ಎಂಬ ತಾಣದಲ್ಲಿ ಸಾಮಾನ್ಯರು ಲಕ್ಷಗಟ್ಟಲೆ ಪುಟಗಳನ್ನು ಕಟ್ಟಿದ್ದರು. ಅದನ್ನು 1999ರಲ್ಲಿ ಕೊಂಡ ಯಾಹೂ 2009ರ ಅಕ್ಟೋಬರ್ 26ರಂದು ಮುಚ್ಚಿತು. ಮುಚ್ಚುವ ಮೊದಲು ಕೆಲವು ಸ್ವಯಂಸೇವಕರು ರಾತ್ರಿಹಗಲು ಕುಳಿತು ಸಿಕ್ಕಿದಷ್ಟನ್ನು ಬಾಚಿಕೊಂಡರು. ಅದರಿಂದ ಹೆಕ್ಕಿದ 45 ಲಕ್ಷ ಕುಣಿಯುವ ಚಿತ್ರಗಳನ್ನು ಇಂಟರ್ನೆಟ್ ಆರ್ಕೈವ್ 2016ರಲ್ಲಿ ಗಿಫ್‌ಸಿಟೀಸ್ ಎಂಬ ಹೆಸರಿನಲ್ಲಿ ಎಲ್ಲರಿಗೂ ತೆರೆದಿಟ್ಟಿತು. ನಾನು ಅಲ್ಲಿ ದೀಪ ಎಂದು ಹುಡುಕಿದೆ. ಮೇಣದ ಬತ್ತಿಗಳು, ಪಂಜುಗಳು, ಒಲೆಗಳು ಎಷ್ಟೋ ಬಂದವು. ಬೇರೆಯವರ ಬೆಸುಗೆಗಳನ್ನು ಹುಡುಕುತ್ತ ಒಂದು ಸಂಜೆ ಕಳೆದೆ. ಕಾಮಗಾರಿ ನಡೆಯುತ್ತಿದೆ ಎಂಬ ಹಳದಿ ಫಲಕಗಳಂತೂ ಅಲ್ಲಿ ಲೆಕ್ಕವಿಲ್ಲದಷ್ಟು. ಎರಡೇ ಬಿಡಿಚಿತ್ರಗಳಲ್ಲಿ ಒಬ್ಬ ಕೂಲಿಯವನು ಗುದ್ದಲಿ ಎತ್ತುತ್ತಾನೆ, ಇಳಿಸುತ್ತಾನೆ. ಯಾರ ಪುಟಕ್ಕಾಗಿ ಅಗೆಯಲು ನಿಂತಿದ್ದನೋ, ಮಣ್ಣಿನ ರಾಶಿ ಒಂದು ಚುಕ್ಕಿಯಷ್ಟೂ ಬೆಳೆದಿಲ್ಲ.